ಹುಳುಮನೆಯ ಹೊಸ್ತಿಲಿನಿಂದ ತೊಮಿಯೊಕಾವರೆಗೆ

ನಾನು ಹೈಸ್ಕೂಲಿನಲ್ಲಿದ್ದಾಗ, ಅಂದರೆ ತೊಂಬತ್ತರ ದಶಕದ ನಡುವೆ, ನಮ್ಮ ತಂದೆಯವರು ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿಯ, ರೇಷ್ಮೆ ಹುಳು ಸಾಕುವ ಕ್ರಮವನ್ನು ಕಲಿಯಲೆಂದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಗೆ ಹೋಗಿ ಬಂದರು. ಜಪಾನ್ ಸರ್ಕಾರದ ಸಹಕಾರ ಸಂಸ್ಥೆಯಾದ ಜೈಕಾದ ನೆರವಿನಿಂದ ಅಲ್ಲಿ 1991ರಿಂದ ದ್ವಿತಳಿ ರೇಷ್ಮೆಯ ಯೋಜನೆ ನಡೆಯುತ್ತಿತ್ತು. ಮರಳಿ ಬಂದ ರಾತ್ರಿ ಊಟಕ್ಕೆ ಕುಳಿತಾಗ ಅವರು ಸೊಪ್ಪಿನ ಅಳತೆ, ಕೋಣೆಯ ಕಾವು, ತೇವಾಂಶ ಇವುಗಳ ಬಗ್ಗೆ ಹೇಳಿದ್ದು ಕಡಿಮೆ. ಅಲ್ಲಿ ಕಂಡ ಒಬ್ಬ ಜಪಾನಿ ತಜ್ಞರ ಬಗ್ಗೆ ಹೇಳಿದ್ದೇ ಹೆಚ್ಚು. ವಯಸ್ಸಾದ ಆ ಮನುಷ್ಯರು ಹುಳುಮನೆಯ ಬಾಗಿಲಿಗೆ ಬಂದೊಡನೆ, ಯಾರೂ ಹೇಳುವ ಮೊದಲೇ ಬೂಟು ಕಳಚಿ, ಅವುಗಳ ಮೂತಿ ಹೊರಗಡೆಗೆ ಬರುವಂತೆ ತಿರುಗಿಸಿ ಜೋಡಿಸಿಟ್ಟು, ಕೈ ತೊಳೆದು ಒಳಗೆ ಹೋಗಿ, ತಟ್ಟೆಯ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ಮಾತಿಲ್ಲದೆ ಹುಳುಗಳನ್ನೇ ನೋಡುತ್ತಿದ್ದರಂತೆ. "ಆಯಪ್ಪ ದೇವರ ಮನೆಗೆ ಬಂದಂಗೆ ಬಂದ ಕಣೇ" ಎಂದು ತಂದೆಯವರು ಅಮ್ಮನಿಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದುಬಿಟ್ಟಿತು.

ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಲ್ಲಿ ಬೆಳೆದವರಿಗೆ ಆ ಮಾತಿನ ತೂಕ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಹುಳುವಿಗೆ ಬೇರೆ ಕಟ್ಟಡ ಇರಲಿಲ್ಲ. ನಡುಮನೆಯೇ ಹುಳುಮನೆ. ನಾಲ್ಕನೆಯ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ, ಹುಳು ಬಲಿತು ಹೆಚ್ಚು ಜಾಗ ಬೇಡುವುದರಿಂದ ನಾವು ಮಕ್ಕಳೆಲ್ಲ ಜಗುಲಿಗೆ ಹೋಗಿ ಮಲಗುತ್ತಿದ್ದೆವು. ಹೊಸ್ತಿಲಿನ ಆಚೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹರಡಿರುತ್ತಿತ್ತು. ಅದನ್ನು ತುಳಿಯದೆ, ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿರಲಿಲ್ಲ. ಒಗ್ಗರಣೆಯ ಹೊಗೆ ಒಳಗೆ ನುಗ್ಗಬಾರದು, ಅಗರಬತ್ತಿ ಹಚ್ಚಬಾರದು, ಒದ್ದೆ ಸೊಪ್ಪು ಹಾಕಬಾರದು, ಗಟ್ಟಿಯಾಗಿ ಜಗಳವಾಡಬಾರದು. ಇವುಗಳಲ್ಲಿ ಕೆಲವಕ್ಕೆ ವಿಜ್ಞಾನದ ಕಾರಣವಿತ್ತು, ಕೆಲವಕ್ಕೆ ಅಮ್ಮನ ನಂಬಿಕೆಯೇ ಕಾರಣವಾಗಿತ್ತು. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ, ಗಂಟು ಎಂಬ ರೋಗಗಳ ಹೆಸರುಗಳು ನಮಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದವು, ಏಕೆಂದರೆ ಅವುಗಳಲ್ಲಿ ಯಾವುದೊಂದು ಬಂದರೂ ಇಪ್ಪತ್ತೈದು ದಿನದ ಬೆಳೆ ತಿಪ್ಪೆಗೆ ಹೋಗುತ್ತಿತ್ತು. ಇದರ ಜೊತೆಗೆ ಹಿತ್ತಲಿನಲ್ಲಿ ಒಂದು ಚರಕವಿತ್ತು. ಕುದಿಯುವ ನೀರಿನ ಬಾಣಲೆಯ ಮುಂದೆ ಅಮ್ಮ ಕುಳಿತು, ಬೆಂದ ಗೂಡುಗಳಿಂದ ಎಳೆ ಹುಡುಕಿ ಕೂಡಿಸುತ್ತಿದ್ದಳು; ಚಿಕ್ಕಪ್ಪ ಚಕ್ರ ತಿರುಗಿಸುತ್ತಿದ್ದರು. ಅಮ್ಮನ ಬೆರಳುಗಳು ವರ್ಷವಿಡೀ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಕಳೆದ ದಸರಾ ರಜೆಯಲ್ಲಿ ನಾನು ಎರಡು ವಾರ ಜಪಾನಿನಲ್ಲಿದ್ದೆ. ನನ್ನ ತಮ್ಮ ಟೋಕಿಯೊದಲ್ಲಿ ಕೆಲಸ ಮಾಡುತ್ತಾನೆ. ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವ ನಿಶಿ ಕಸಾಯಿ ಎಂಬ ಬಡಾವಣೆಯಲ್ಲಿ ಅವನ ಮನೆ. ನರಿತಾ ವಿಮಾನ ನಿಲ್ದಾಣದಲ್ಲಿ ಹೊರದೇಶದವರ ಎರಡೂ ತೋರುಬೆರಳುಗಳ ಅಚ್ಚನ್ನು ಯಂತ್ರದಲ್ಲಿ ತೆಗೆದುಕೊಳ್ಳುತ್ತಾರೆ. ನನ್ನ ಬೆರಳಚ್ಚು ಕ್ಷಣದಲ್ಲಿ ಬಿದ್ದಿತು. ಅದೇ ಹೊತ್ತಿಗೆ, ನಮ್ಮೂರಿನಲ್ಲಿ ಪಡಿತರಕ್ಕೆ ಹೋದಾಗಲೆಲ್ಲ ಅಮ್ಮನ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣದೆ, ಅವಳು ಒಂದಾದ ಮೇಲೊಂದು ಬೆರಳನ್ನು ಒತ್ತುತ್ತಾ ನಿಲ್ಲುವುದು ನೆನಪಿಗೆ ಬಂತು. ಮೂವತ್ತು ವರ್ಷ ಬಿಸಿನೀರಿನಲ್ಲಿ ಆಡಿದ ಕೈಯಲ್ಲಿ ಗೆರೆ ಉಳಿಯುವುದು ಕಷ್ಟ.

ತಮ್ಮನ ಮನೆಯ ಬಾಗಿಲು ತೆರೆದ ಕೂಡಲೇ ತಗ್ಗಾದ ಒಂದು ಚಿಕ್ಕ ಜಾಗ, ಅದರ ಆಚೆ ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿ ಮನೆಯ ನೆಲ. ಆ ತಗ್ಗಿಗೆ ಗೆಂಕಾನ್ ಎನ್ನುತ್ತಾರೆ. ನಾನು ಚಪ್ಪಲಿ ಬಿಟ್ಟು, ಬಿಟ್ಟ ಜಾಗದಲ್ಲೇ ಕಾಲೂರಿ ಮೇಲೆ ಹತ್ತಲು ಹೊರಟಾಗ ಎಂಟು ವರ್ಷದ ಸೊಸೆ "ಅತ್ತೆ, ಹಾಗಲ್ಲ" ಎಂದು ತಡೆದಳು. ಚಪ್ಪಲಿಯಿಂದ ಹೊರಬಂದ ಪಾದ ಆ ತಗ್ಗಿನ ನೆಲವನ್ನು ಮುಟ್ಟದೆ ನೇರವಾಗಿ ಮೇಲಿನ ನೆಲಕ್ಕೆ ಬರಬೇಕು. ಮುಟ್ಟಿದರೆ ಹೊರಗಿನ ಧೂಳು ಪಾದದ ಜೊತೆ ಒಳಗೆ ಬಂದಂತಾಯಿತು. ಅವಳು ನನ್ನ ಚಪ್ಪಲಿಗಳನ್ನು ತಿರುಗಿಸಿ, ಮೂತಿ ಬಾಗಿಲ ಕಡೆಗೆ ಬರುವಂತೆ ಜೋಡಿಸಿಟ್ಟಳು. ತಂದೆಯವರು ವರ್ಣಿಸಿದ ಬೂಟುಗಳು ನನ್ನ ಕಣ್ಣೆದುರಿಗೇ ಬಂದವು. ಆ ತಜ್ಞರು ಅಂದು ಹುಳುವಿಗೆಂದು ವಿಶೇಷವಾಗಿ ಏನನ್ನೋ ಮಾಡಿದ್ದರು ಎಂದು ನಾವು ಇಷ್ಟು ವರ್ಷ ತಿಳಿದಿದ್ದೆವು. ಅವರು ತಮ್ಮ ಮನೆಗೆ ಹೋಗುವಂತೆಯೇ ನಮ್ಮ ಹುಳುವಿನ ಬಳಿಗೂ ಹೋಗಿದ್ದರು. ಆ ದಿನದಿಂದ ನನಗೆ ಇಡೀ ದೇಶ ಒಂದು ದೊಡ್ಡ ಹುಳುಮನೆಯ ಹಾಗೆ ಕಾಣತೊಡಗಿತು, ಮತ್ತು ಉಳಿದ ಹದಿಮೂರು ದಿನಗಳಲ್ಲಿ ಆ ನೋಟ ಬದಲಾಗಲಿಲ್ಲ.

ಕಸದ ವಿಷಯವನ್ನೇ ತೆಗೆದುಕೊಳ್ಳಿ. ತಮ್ಮನ ಅಡುಗೆಮನೆಯ ಗೋಡೆಯ ಮೇಲೆ ಯಾವ ವಾರ ಯಾವ ಕಸ ಎಂಬ ಪಟ್ಟಿ ಅಂಟಿಸಿದ್ದಾರೆ. ಸುಡುವ ಕಸಕ್ಕೆ ಬೇರೆ ದಿನ, ಪ್ಲಾಸ್ಟಿಕ್ಕಿಗೆ ಬೇರೆ ದಿನ, ಹಳೆಯ ಕಾಗದಕ್ಕೆ ಬೇರೆ ದಿನ. ನೀರಿನ ಬಾಟಲಿಯನ್ನು ಎಸೆಯುವ ಮೊದಲು ಮುಚ್ಚಳ ತೆಗೆಯಬೇಕು, ಸುತ್ತಲಿನ ಹೆಸರುಪಟ್ಟಿ ಸುಲಿಯಬೇಕು, ತೊಳೆಯಬೇಕು. ಬೆಳಗ್ಗೆ ಹೊರಗಿಟ್ಟ ಚೀಲಗಳನ್ನು ಕಾಗೆಗಳು ಕೆದರದಂತೆ ಬಲೆ ಹೊದಿಸುತ್ತಾರೆ. ಬೀದಿಯಲ್ಲಿ ಕಸದ ಡಬ್ಬಿಗಳು ಸಿಗುವುದೇ ಅಪರೂಪ. 1995ರಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ವಿಷಾನಿಲದ ದಾಳಿ ನಡೆದ ಮೇಲೆ ಅವನ್ನು ಬಹಳ ಕಡೆ ತೆಗೆದುಬಿಟ್ಟರು. ಜನರು ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಕಿತ್ತಳೆ ಸಿಪ್ಪೆಯನ್ನು ಇಡೀ ದಿನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದಾಗ ನನಗೆ ಹುಳುವಿನ ಹಾಸಿಗೆ ತೆಗೆಯುವ ಕೆಲಸ ನೆನಪಾಯಿತು: ತಿಂದುಳಿದ ಕಡ್ಡಿ ಮತ್ತು ಹಿಕ್ಕೆಯನ್ನು ತಟ್ಟೆಯಿಂದ ಬೇರ್ಪಡಿಸಿ, ಒಂದು ಚೂರೂ ನೆಲಕ್ಕೆ ಬೀಳದಂತೆ ಗೋಣಿಯಲ್ಲಿ ತುಂಬಿ, ಹೊಲದ ಗುಂಡಿಗೆ ಒಯ್ಯುವ ಕೆಲಸ. ರೋಗ ಬಂದ ಹುಳುವನ್ನು ಬೇರೆಯಾಗಿ ಸುಣ್ಣದ ನೀರಿಗೆ ಹಾಕುತ್ತಿದ್ದೆವು. ಹುಳುಮನೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ನಾವು ಅದೇ ಮನೆಯ ಮುಂದಿನ ಚರಂಡಿಗೆ ಏನನ್ನಾದರೂ ಎಸೆಯುತ್ತಿದ್ದೆವು ಎಂಬುದೂ ನೆನಪಾಗಿ ನೋವಾಯಿತು.

ನಾನು ಶಿಕ್ಷಕಿಯಾದ್ದರಿಂದ ಸೊಸೆಯ ಶಾಲೆಯ ವಿಷಯವನ್ನು ಕೆದಕಿ ಕೆದಕಿ ಕೇಳಿದೆ. ಮಕ್ಕಳು ಬಾಗಿಲಲ್ಲಿ ಹೊರಗಿನ ಬೂಟನ್ನು ಗೂಡಿನಲ್ಲಿಟ್ಟು ಒಳಗಿನ ಬಿಳಿ ಬೂಟನ್ನು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದ ಊಟವನ್ನು ಸರದಿಯ ಮಕ್ಕಳೇ ತಲೆಗೆ ಟೋಪಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಡಿಸುತ್ತಾರೆ. ತರಗತಿ, ಮೆಟ್ಟಿಲು, ಪಡಸಾಲೆ ಎಲ್ಲವನ್ನೂ ದಿನವೂ ಮಕ್ಕಳೇ ಗುಡಿಸಿ ಒರೆಸುತ್ತಾರೆ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಬೇಸರವಾಗಲಿ ಹೆಮ್ಮೆಯಾಗಲಿ ಇರಲಿಲ್ಲ. ಹಲ್ಲುಜ್ಜುವ ವಿಷಯ ಹೇಳುವಂತೆ ಹೇಳಿದಳು. ನಮ್ಮಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟರೆ ಅದು ಯಾವ ಮಕ್ಕಳ ಕೈಗೆ ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಎಲ್ಲ ಮಕ್ಕಳೂ ಒಂದೇ ಸರದಿಯಲ್ಲಿ ಬಗ್ಗುವ ಶಾಲೆಯನ್ನು ಕಂಡಾಗ ಆ ಪ್ರಶ್ನೆ ಇನ್ನೂ ಗಾಢವಾಗಿ ಕಾಡಿತು. ಸಂಜೆ ಬಡಾವಣೆಯ ಧ್ವನಿವರ್ಧಕಗಳಿಂದ ಒಂದು ಮೆಲುರಾಗ ಕೇಳಿಸುತ್ತದೆ. ವಿಪತ್ತಿನ ಹೊತ್ತಿಗೆ ಬೇಕಾಗುವ ಆ ಧ್ವನಿವರ್ಧಕಗಳು ಕೆಲಸ ಮಾಡುತ್ತಿವೆಯೇ ಎಂದು ದಿನವೂ ಪರೀಕ್ಷಿಸುವ ಕ್ರಮವದು, ಆದರೆ ಮಕ್ಕಳಿಗೆ ಅದು ಆಟ ಮುಗಿಸಿ ಮನೆಗೆ ಬನ್ನಿ ಎಂಬ ಕರೆ. ನಮ್ಮ ಹಳ್ಳಿಯಲ್ಲಿ ದನ ಮರಳುವ ಹೊತ್ತಿಗೆ ನಾವು ಮರಳುತ್ತಿದ್ದ ಹಾಗೆ, ಆ ರಾಗದೊಡನೆ ಹಳದಿ ಟೋಪಿಯ ಮಕ್ಕಳು ಒಬ್ಬೊಬ್ಬರಾಗಿ ತಾವೇ ನಡೆದು ಮನೆ ಸೇರುತ್ತಿದ್ದರು.

ರೈಲುಗಳಲ್ಲಿ ನನ್ನ ಗಮನ ಸೆಳೆದದ್ದು ಚಾಲಕರ ಕೈ. ಬಿಳಿ ಕೈಗವಸು ತೊಟ್ಟ ಚಾಲಕರು ಪ್ರತಿ ಸಂಕೇತದೀಪವನ್ನೂ ಬೆರಳಿನಿಂದ ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ನಿಲ್ದಾಣದ ಸಿಬ್ಬಂದಿಯೂ ಹಳಿಯ ಉದ್ದಕ್ಕೂ ಬೆರಳು ಚಾಚಿ ನೋಡಿ, ಆಮೇಲೆ ರೈಲನ್ನು ಬಿಡುತ್ತಾರೆ. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಒಂದೇ ಕೆಲಸದಲ್ಲಿ ತೊಡಗಿದರೆ ಮನಸ್ಸು ತಪ್ಪುವುದು ಕಡಿಮೆ ಎಂಬುದು ಅದರ ಹಿಂದಿನ ತಿಳಿವು. ಆ ಕ್ರಮ ಉಗಿಬಂಡಿಯ ಕಾಲದಿಂದ ಬಂದದ್ದು. ರಾತ್ರಿಯ ಕೊನೆಯ ಸೊಪ್ಪು ಹಾಕಿದ ಮೇಲೆ ನಮ್ಮ ತಂದೆಯವರು ಲಾಟೀನು ಹಿಡಿದು ತಟ್ಟೆ ತಟ್ಟೆಗೂ ಬೆರಳು ತೋರಿಸಿ "ಇದಕ್ಕಾಯ್ತು, ಇದಕ್ಕಾಯ್ತು" ಎನ್ನುತ್ತಾ ಸಾಗುತ್ತಿದ್ದರು. ಯಾಮನೊತೆ ರೈಲಿನ ಮೊದಲ ಡಬ್ಬಿಯಲ್ಲಿ ಚಾಲಕರ ಬೆನ್ನ ಹಿಂದಿನ ಗಾಜಿಗೆ ಹತ್ತಿ ನಿಂತು, 30 ನಿಲ್ದಾಣಗಳ ಆ ವರ್ತುಲವನ್ನು ನಾನು ಪೂರ್ತಿ ಒಂದು ಸುತ್ತು ಸುತ್ತಿದೆ. ಡಬ್ಬಿಯಲ್ಲಿ ಅಷ್ಟು ಜನರಿದ್ದರೂ ಯಾರೂ ಫೋನಿನಲ್ಲಿ ಮಾತನಾಡುತ್ತಿರಲಿಲ್ಲ. ಅಂಗಡಿಗಳಲ್ಲಿ ಹಣವನ್ನು ಕೈಗೆ ಕೊಡದೆ ಚಿಕ್ಕ ತಟ್ಟೆಯಲ್ಲಿಡುತ್ತಾರೆ; ಮರಳಿ ಕೊಡುವ ರಸೀದಿಯನ್ನು ಎರಡೂ ಕೈಗಳಲ್ಲಿ ಹಿಡಿದು ಕೊಡುತ್ತಾರೆ.

ಭಾಷೆ ನನಗೆ ಬಾರದು. ಆದರೂ ಅದರ ನಡಿಗೆ ಪರಿಚಿತವೆನಿಸಿತು. ಗಕ್ಕೋ ಎಂದರೆ ಶಾಲೆ, ಇಕು ಎಂದರೆ ಹೋಗುವುದು. "ಗಕ್ಕೋ ನಿ ಇಕು" ಎನ್ನುವಾಗ ನಮ್ಮ "ಗೆ" ಪ್ರತ್ಯಯದ ಜಾಗದಲ್ಲಿ ಅವರ "ನಿ" ಬಂದು ಕೂರುತ್ತದೆ, ಕ್ರಿಯಾಪದ ನಮ್ಮಲ್ಲಿ ಇರುವಂತೆಯೇ ಕೊನೆಗೆ ಬರುತ್ತದೆ. ಸೊಸೆಯ ಕೋಣೆಯ ಗೋಡೆಯ ಮೇಲಿದ್ದ ಅಕ್ಷರಮಾಲೆಯ ಪಟ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಧರ್ಮದ ಜೊತೆ ಹೋದ ಸಂಸ್ಕೃತದ ಅಧ್ಯಯನದಿಂದ ಬಂದ ಅನುಕ್ರಮವದು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಮುಟ್ಟಿದ್ದು ದಿನವೂ ಬೆಳಗ್ಗೆ ಬಾಗಿಲಲ್ಲಿ ಕೇಳುವ ಮಾತು. ಹೊರಡುವವರು "ಇತ್ತೆಕಿಮಾಸು" ಎನ್ನುತ್ತಾರೆ, ಉಳಿಯುವವರು "ಇತ್ತೆರಾಶ್ಶಾಯ್" ಎನ್ನುತ್ತಾರೆ. ಅರ್ಥ ಕೇಳಿದಾಗ ತಮ್ಮ ನಕ್ಕು, "ಹೋಗಿ ಬರ್ತೀನಿ, ಹೋಗಿ ಬಾ, ಅಷ್ಟೇ ಅಕ್ಕ" ಎಂದ. ಹೋಗುತ್ತೇನೆ ಎಂದಷ್ಟೇ ಹೇಳಿದರೆ ಅಮ್ಮ ಈಗಲೂ ಗದರುತ್ತಾಳೆ. ಬರುತ್ತೇನೆ ಎಂಬುದು ಸೇರದೆ ಆ ಮಾತು ಅವಳಿಗೆ ಅಪಶಕುನ. ಇಷ್ಟು ದೂರದ ದೇಶದಲ್ಲಿಯೂ ಜನರು ಮರಳುವ ಮಾತನ್ನು ಸೇರಿಸಿಯೇ ಹೊಸ್ತಿಲು ದಾಟುತ್ತಾರೆ ಎಂದು ತಿಳಿದಾಗ ಮನಸ್ಸು ತುಂಬಿ ಬಂತು.

ನಮ್ಮ ಕಡೆಯ ರೈತರ ಬಾಯಲ್ಲಿ ದಿನವೂ ಓಡಾಡುವ ಒಂದು ಜಪಾನಿ ಪದವಿದೆ ಎಂಬುದು ಅಲ್ಲಿ ನನಗೆ ಗೊತ್ತಾಯಿತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ನಮ್ಮವರನ್ನು ಕಂಗೆಡಿಸಿತ್ತು. ಅಂದಿನಿಂದ ಹುಳುಮನೆಯ ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಬಲೆ. ಜಪಾನಿ ಭಾಷೆಯಲ್ಲಿ ಊಜಿ ಎಂದರೆ ನೊಣದ ಮರಿಹುಳು. ಅಮ್ಮ ಶಪಿಸುತ್ತಿದ್ದ ಆ ಹೆಸರು ಅಲ್ಲಿಯದೇ.

ಊಟ ನನಗೆ ಕಷ್ಟವಾಯಿತು. ನಾನು ಮೀನು, ಮಾಂಸ ತಿನ್ನುವುದಿಲ್ಲ. ಮೊದಲ ವಾರ ಒಂದು ಚಿಕ್ಕ ಅಂಗಡಿಯಲ್ಲಿ ತರಕಾರಿಯ ಸಾರಿನಲ್ಲಿ ಬೇಯಿಸಿದ ದಪ್ಪ ಶ್ಯಾವಿಗೆಯೆಂದು ನಂಬಿ ತಿಂದೆ. ಅರ್ಧ ಮುಗಿದ ಮೇಲೆ ಆ ಸಾರಿನ ತಳವೇ ದಾಶಿ ಎಂದೂ, ದಾಶಿಯನ್ನು ಒಣಗಿಸಿ ಹೆರೆದ ಮೀನಿನಿಂದ ತೆಗೆಯುತ್ತಾರೆಂದೂ ತಿಳಿಯಿತು. ಬಡಿಸಿದ ಹೆಂಗಸಿನ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಮೀನಿನ ತುಂಡು ಇಲ್ಲವೆಂದರೆ ಮೀನಿಲ್ಲವೆಂದೇ ಅಲ್ಲಿನವರ ಲೆಕ್ಕ, ಏಕೆಂದರೆ ನಮ್ಮ ಸಾರಿಗೆ ಹುಣಸೆಹಣ್ಣು ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ತಮ್ಮ ಜಪಾನಿಯಲ್ಲಿ ಒಂದು ಚೀಟಿ ಬರೆದುಕೊಟ್ಟ. ಅಲ್ಲಿಂದ ಮುಂದೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣನ್ನು ನಡುವೆ ಇಟ್ಟು ಕಟ್ಟಿದ ಅನ್ನದ ಉಂಡೆ, ಕಡಲಪಾಚಿಯ ತಿಳಿಯಲ್ಲಿ ಕುದಿಸಿದ ತೋಫು, ಬೌದ್ಧ ಮಠಗಳ ಸಸ್ಯಾಹಾರವಾದ ಶೋಜಿನ್ ಊಟ, ಇವುಗಳಲ್ಲಿ ದಿನ ಕಳೆದೆ. ಊಟಕ್ಕೆ ಮೊದಲು ಕೈಮುಗಿದು "ಇತದಾಕಿಮಾಸು" ಎನ್ನುತ್ತಾರೆ. ಕೊಟ್ಟದ್ದನ್ನು ತಲೆಬಾಗಿ ಸ್ವೀಕರಿಸುತ್ತೇನೆ ಎಂದು ಅದರ ಅರ್ಥ.

ಹನ್ನೊಂದನೆಯ ದಿನ, ನಾನು ಹೋದದ್ದೇ ಯಾವುದಕ್ಕೋ ಅದನ್ನು ನೋಡಲು ಹೊರಟೆವು. ಟೋಕಿಯೊದಿಂದ ತಕಾಸಾಕಿಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಂದ ಜೋಶಿನ್ ಎಂಬ ಹಳೆಯ ಖಾಸಗಿ ರೈಲು ಗುನ್ಮಾ ಪ್ರಾಂತದ ಊರುಗಳ ನಡುವೆ ಮೆಲ್ಲಗೆ ಸಾಗಿ ತೊಮಿಯೊಕಾ ಮುಟ್ಟುತ್ತದೆ. ಕಿಟಕಿಯಾಚೆ ಗುಡ್ಡಗಳು, ಬೆಳೆ ಕೊಯ್ದ ಗದ್ದೆಗಳು, ಅಲ್ಲಲ್ಲಿ ನಂದಿಬೆಟ್ಟದ ತಪ್ಪಲನ್ನು ನೆನಪಿಸುವ ಇಳಿಜಾರುಗಳು. ನಂದಿಯ ಮಗ್ಗುಲಿನ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಂಡು ಬಂದವರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿ ಕ್ರಮದಲ್ಲಿ ಹುಳು ಸಾಕುವುದನ್ನು ಕಲಿಸಲು ರೇಷ್ಮೆ ತೋಟವೊಂದನ್ನು ತೆರೆದಿದ್ದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಜೈಕಾ ಬರುವ ಸುಮಾರು ನೂರು ವರ್ಷ ಮೊದಲೇ ಹುಳು ಈ ಎರಡು ನಾಡುಗಳ ನಡುವೆ ದಾರಿ ಮಾಡಿತ್ತು.

ತೊಮಿಯೊಕಾ ರೇಷ್ಮೆ ಗಿರಣಿಯನ್ನು ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1872ರಲ್ಲಿ ತೆರೆಯಿತು. ಫ್ರಾನ್ಸಿನ ಪಾಲ್ ಬ್ರೂನಾ ಅದರ ಮುಖ್ಯ ತಜ್ಞ. 300 ಬಾಣಲೆಗಳ ಸಾಲು, ಉಗಿಯ ಯಂತ್ರ, ಗಾಜಿನ ಕಿಟಕಿಗಳು, ಎಲ್ಲವೂ ಆ ದೇಶಕ್ಕೆ ಹೊಸದು. ಇಟ್ಟಿಗೆಯೂ ಹೊಸದೇ ಆದ್ದರಿಂದ ಹಂಚು ಸುಡುವ ಕುಂಬಾರರೇ ಇಟ್ಟಿಗೆ ಸುಡುವುದನ್ನು ಕಲಿತರು. ಸಿಮೆಂಟಿನ ಬದಲು ಸುಣ್ಣದ ಗಾರೆಯಿಂದ ಜೋಡಿಸಿದರು. ಪೂರ್ವದ ಗೂಡಿನ ಉಗ್ರಾಣದ ಕಮಾನಿನ ನಡುಗಲ್ಲಿನಲ್ಲಿ ಮೇಜಿ ಐದನೆಯ ವರ್ಷ ಎಂದು ಕೊರೆದಿದ್ದಾರೆ. ಆ ಉಗ್ರಾಣದ ಉದ್ದ 104 ಮೀಟರು. ಇಷ್ಟು ದೊಡ್ಡ ಉಗ್ರಾಣ ಏಕೆ ಎಂದು ಮೊದಲು ನನಗೆ ಅರ್ಥವಾಗಲಿಲ್ಲ. ನಮ್ಮ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಬೆಳಗ್ಗೆ ಬರುತ್ತದೆ, ಹರಾಜಾಗುತ್ತದೆ, ಮಧ್ಯಾಹ್ನಕ್ಕೆ ಜಾಗ ಖಾಲಿಯಾಗುತ್ತದೆ. ನಮ್ಮ ಹವೆಯಲ್ಲಿ ಹಿಪ್ಪುನೇರಳೆ ವರ್ಷವೆಲ್ಲ ಚಿಗುರುತ್ತದೆ, ಒಬ್ಬ ರೈತ ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾನೆ. ಅಲ್ಲಿ ಚಳಿಗಾಲದಲ್ಲಿ ಗಿಡ ಬೋಳಾಗಿರುತ್ತದೆ. ಆ ಕಾಲದಲ್ಲಿ ಮುಖ್ಯವಾಗಿ ವಸಂತದ ಒಂದು ಬೆಳೆಯನ್ನೇ ನೆಚ್ಚಿ, ಅದನ್ನು ಒಣಗಿಸಿಟ್ಟು ವರ್ಷಪೂರ್ತಿ ನೂಲು ತೆಗೆಯಬೇಕಿತ್ತು. ಆ ಕಿಟಕಿಗಳ ಸಾಲೆಲ್ಲ ಗೂಡಿಗೆ ಗಾಳಿಯಾಡಲೆಂದು ಇಟ್ಟದ್ದು.

ಗಿರಣಿಗೆ ಹುಡುಗಿಯರು ಬರಲು ಹೆದರಿದರಂತೆ. ಫ್ರಾನ್ಸಿನವರು ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ಕಂಡು, ಅವರು ಹೆಣ್ಣುಮಕ್ಕಳ ರಕ್ತ ಕುಡಿಯುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಮೊದಲ ನಿರ್ದೇಶಕರಾದ ಒದಾಕಾ ಅತ್ಸುತಾದಾ ತಮ್ಮ ಮಗಳು ಯೂ ಎಂಬ ಹದಿಹರೆಯದ ಹುಡುಗಿಯನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿ ಆ ಭಯವನ್ನು ಬಿಡಿಸಿದರು. ಅಲ್ಲಿ ಭಾನುವಾರದ ರಜೆಯಿತ್ತು, ವೈದ್ಯರಿದ್ದರು, ಕೆಲಸದ ಹೊತ್ತು ದಿನಕ್ಕೆ ಎಂಟು ಗಂಟೆಯ ಆಸುಪಾಸು. ಆದರೆ ಈ ಚಿತ್ರದಿಂದ ಇಡೀ ಜಪಾನಿನ ರೇಷ್ಮೆಯನ್ನು ಅಳೆಯಬಾರದು. ಮುಂದೆ ಒಕಾಯಾದ ಕಡೆಯ ಗಿರಣಿಗಳಿಗೆ ಹಿದಾ ಸೀಮೆಯ ಬಡ ಹುಡುಗಿಯರು ಹಿಮದಲ್ಲಿ ನೊಮುಗಿ ಕಣಿವೆಯನ್ನು ನಡೆದು ದಾಟಿ ಹೋಗುತ್ತಿದ್ದರು. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಆವಿಯ ನಡುವೆ ದುಡಿದು ಕ್ಷಯ ಹತ್ತಿಸಿಕೊಂಡವರು ಅವರಲ್ಲಿ ಬಹಳ. 1909ರ ಹೊತ್ತಿಗೆ ಜಪಾನ್ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಚೀನಾವನ್ನು ಹಿಂದಿಕ್ಕಿ ಜಗತ್ತಿನಲ್ಲಿ ಮೊದಲನೆಯದಾಯಿತು ಎಂದು ಓದುವಾಗ ನನಗೆ ಆ ಹುಡುಗಿಯರ ಕೈಗಳೇ ಕಾಣುತ್ತವೆ.

ನೂಲು ತೆಗೆಯುವ ಉದ್ದನೆಯ ಕಟ್ಟಡದೊಳಗೆ ಕಾಲಿಟ್ಟಾಗ ನಾನು ತಡವರಿಸಿ ನಿಂತೆ. ಕೊನೆಯ ಕಾಲದ ಸ್ವಯಂಚಾಲಿತ ಯಂತ್ರಗಳು ಸಾಲಾಗಿ, ಪ್ಲಾಸ್ಟಿಕ್ ಹೊದಿಸಿಕೊಂಡು, ನಿಲ್ಲಿಸಿದ ದಿನ ಇದ್ದಂತೆಯೇ ನಿಂತಿವೆ. ಗಿರಣಿ 1987ರಲ್ಲಿ ನಿಂತಿತು. ಆಗಿನ ಒಡೆಯರಾದ ಕತಾಕುರಾ ಕಂಪನಿಯವರು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡಹುವುದಿಲ್ಲ ಎಂದು ಪಣತೊಟ್ಟು, 2005ರಲ್ಲಿ ನಗರಕ್ಕೆ ಒಪ್ಪಿಸುವವರೆಗೆ ತಮ್ಮ ಖರ್ಚಿನಲ್ಲಿಯೇ ಕಾಪಾಡಿದರು. 2014ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಲ್ಲವೂ ಅಷ್ಟು ಅಚ್ಚುಕಟ್ಟು. ಆದರೆ ವಾಸನೆ ಇರಲಿಲ್ಲ. ನಮ್ಮೂರಿಗೆ ಬಸ್ಸಿನಲ್ಲಿ ಬರುವವರಿಗೆ ಕಣ್ಣು ಮುಚ್ಚಿದ್ದರೂ ಶಿಡ್ಲಘಟ್ಟ ಬಂತೆಂದು ತಿಳಿಸುವ, ಬೆಂದ ಕೋಶದ ಆ ಗಡುಸಾದ ವಾಸನೆ ಅಲ್ಲಿನ ಮರದ ತೊಲೆಗಳಲ್ಲಿಯೂ ಉಳಿದಿರಲಿಲ್ಲ. ಹೊರಗಿನವರು ಮೂಗು ಮುಚ್ಚಿಕೊಳ್ಳುವ ಆ ವಾಸನೆಯನ್ನು ನಾನು ಅಲ್ಲಿ ಹುಡುಕಿದೆ.

ಪಕ್ಕದ ಕೋಣೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಜಗುರಿ ಎಂಬ ಹಳೆಯ ಕೈರಾಟೆಯಲ್ಲಿ ನೂಲು ತೆಗೆದು ತೋರಿಸುತ್ತಿದ್ದರು. ಕುಳಿತು ನೂಲು ತೆಗೆಯುವುದು ಎಂದೇ ಆ ಹೆಸರಿನ ಅರ್ಥ. ಬಿಸಿನೀರಿನ ಬಾಣಲೆ, ತೇಲುವ ಬಿಳಿ ಗೂಡುಗಳು, ಎಳೆಯ ತುದಿ ಹುಡುಕಲು ಹುಲ್ಲಿನ ಚಿಕ್ಕ ಕುಂಚ, ಎಡಗೈಯಲ್ಲಿ ಎಳೆ, ಬಲಗೈಯಲ್ಲಿ ರಾಟೆಯ ಹಿಡಿ. ಅವರ ಎಡಗೈಯ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನೋಡಲು ಬಂದವರಿಗೆ ಅವರು ಎಳೆ ಹಿಡಿದು ನೋಡಲು ಅವಕಾಶ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಒಂದು ಗೂಡಿನ ಎಳೆ ಮುಗಿದು ನೂಲು ಸಣ್ಣದಾಯಿತು. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ನನ್ನ ಬೆರಳು ಹೊಸ ಗೂಡಿನ ತುದಿಯನ್ನು ಹಿಡಿದು ಓಡುತ್ತಿದ್ದ ನೂಲಿಗೆ ತಾಕಿಸಿಬಿಟ್ಟಿತ್ತು. ಅವರು ರಾಟೆ ನಿಲ್ಲಿಸಿ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿಯೂ ಹುಳುವಿದೆ, ಅಮ್ಮ ಮೂವತ್ತು ವರ್ಷ ನೂಲು ತೆಗೆದಿದ್ದಾಳೆ ಎಂದು ತಮ್ಮ ಹೇಳಿದಾಗ ಅವರು ಕೈ ಒರೆಸಿಕೊಂಡು ಎದ್ದು ನಿಂತು ತಲೆಬಾಗಿದರು. ಆಮೇಲೆ ನಮ್ಮ ಮಾತು ಬಹಳ ಹೊತ್ತು ನಡೆಯಿತು.

ಅವರ ತಾಯಿಯ ಮನೆಯಲ್ಲಿ ಮಹಡಿಯೆಲ್ಲ ಹುಳುವಿಗೇ ಮೀಸಲಾಗಿತ್ತಂತೆ. ಬೆಳೆಯ ಕಾಲದಲ್ಲಿ ಕೆಳಗಿನ ಕೋಣೆಗಳೂ ತುಂಬಿ, ಮನೆಯವರು ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದರಂತೆ. ಜಗುಲಿಯಲ್ಲಿ ಮಲಗಿದ ನಮ್ಮ ಕಥೆಯನ್ನು ನಾನು ಹೇಳಿದೆ. ಹುಳುವಿಗೆ ಅಲ್ಲಿ ಬರಿಯ ಕೈಕೊ ಎನ್ನುವುದಿಲ್ಲ, ಒಕೈಕೊಸಾಮಾ ಎನ್ನುತ್ತಾರೆ. ದೇವರಿಗೂ ದೊಡ್ಡವರಿಗೂ ಹಚ್ಚುವ ಗೌರವದ ಪದಗಳನ್ನು ಹಿಂದೆ ಮುಂದೆ ಸೇರಿಸಿ ಕರೆಯುವ ಹೆಸರು ಅದು. ಹುಳು ಪೊರೆ ಬಿಡುವ ನಾಲ್ಕು ಹಂತಗಳನ್ನು ನಾವು ಜ್ವರ ಎನ್ನುತ್ತೇವೆ: ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂತಿರುವುದನ್ನು ಕಂಡು ನಮ್ಮ ಹಿರಿಯರು ಅದಕ್ಕೆ ಮೈ ಕಾದಿದೆ ಎಂದುಕೊಂಡರು. ಅವರು ಅದನ್ನು ಮಿನ್ ಎನ್ನುತ್ತಾರೆ, ಅಂದರೆ ನಿದ್ದೆ. ಒಂದನೆಯ ನಿದ್ದೆ, ಎರಡನೆಯ ನಿದ್ದೆ ಎಂದು ಬೆರಳೆಣಿಸುತ್ತಾ ಆಕೆ ನಾಲ್ಕು ಬೆರಳು ತೋರಿಸಿದಾಗ, ನಾನೂ ಒಂದನೆಯ ಜ್ವರ, ಎರಡನೆಯ ಜ್ವರ ಎಂದು ನಾಲ್ಕು ಬೆರಳು ತೋರಿಸಿದೆ. ಹಣ್ಣಾದ ಹುಳು ಗೂಡು ಕಟ್ಟಲು ಅಲ್ಲಿ ರಟ್ಟಿನ ಚೌಕಟ್ಟುಗಳಿವೆ. ಹುಳುಗಳು ಮೇಲೆ ಮೇಲೆ ಹತ್ತಿ ಮೇಲುಭಾಗ ಭಾರವಾದಾಗ ಚೌಕಟ್ಟು ತಾನೇ ಮಗುಚಿಕೊಂಡು ಖಾಲಿ ಮನೆಗಳನ್ನು ಮೇಲಕ್ಕೆ ತರುತ್ತದೆ. ನಮ್ಮ ಬಿದಿರಿನ ಚಂದ್ರಿಕೆಯ ಸುರುಳಿಯನ್ನು ನಾನು ಗಾಳಿಯಲ್ಲಿ ಬರೆದು ತೋರಿಸಿದೆ. ಜೀವ ಕೊಟ್ಟ ಹುಳುಗಳ ಆತ್ಮಶಾಂತಿಗೆ ಆ ಸೀಮೆಯಲ್ಲಿ ಕಲ್ಲಿನ ಸ್ಮಾರಕಗಳನ್ನು ನಿಲ್ಲಿಸಿ ಪೂಜಿಸುತ್ತಾರೆ ಎಂದೂ ಆಕೆ ಹೇಳಿದರು. ಗೂಡನ್ನು ಬೇಯಿಸುವಾಗ ಒಳಗಿನ ಜೀವದ ಬಗ್ಗೆ ನಾನು ಚಿಕ್ಕಂದಿನಲ್ಲಿ ಕೇಳಿದಾಗ ಅಮ್ಮ ಉತ್ತರ ಕೊಟ್ಟಿರಲಿಲ್ಲ. ಮೊದಲ ಗೂಡನ್ನು ಬಾಣಲೆಗೆ ಹಾಕುವ ಮುನ್ನ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಅಷ್ಟೇ.

1929ರಲ್ಲಿ ಜಪಾನಿನಲ್ಲಿ ಸುಮಾರು 22 ಲಕ್ಷ ಕುಟುಂಬಗಳು ಹುಳು ಸಾಕುತ್ತಿದ್ದವು. ಯುದ್ಧ, ನೈಲಾನ್, ಕಿಮೋನೊ ಉಡುವವರ ಇಳಿಕೆ, ಅಗ್ಗದ ಆಮದು, ಊರು ಬಿಟ್ಟ ಮಕ್ಕಳು, ಇವೆಲ್ಲ ಒಂದರ ಮೇಲೊಂದು ಬಂದು ಇಂದು ಇಡೀ ದೇಶದಲ್ಲಿ 200ಕ್ಕಿಂತ ಕಡಿಮೆ ಕುಟುಂಬಗಳು ಉಳಿದಿವೆ. ನಕ್ಷೆಗಳಲ್ಲಿ ಹಿಪ್ಪುನೇರಳೆ ತೋಟಕ್ಕೆಂದು ಇದ್ದ ಗುರುತನ್ನೇ 2013ರಲ್ಲಿ ಕೈಬಿಟ್ಟರು. ಅರಮನೆಯ ಆವರಣದಲ್ಲಿ ಮಾತ್ರ ಮಹಾರಾಣಿಯವರು ತಮ್ಮ ಕೈಯಿಂದ ಹುಳುವಿಗೆ ಸೊಪ್ಪು ಹಾಕುವ ಪದ್ಧತಿ 1871ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತಿದ್ದರೂ, ಇಂದಿಗೂ ಉಳಿದಿದೆ. ನಮ್ಮ ಬೀದಿಯಲ್ಲಿ ನಾನು ಕಾಣಕಾಣುತ್ತಲೇ ಚರಕಗಳು ಒಂದೊಂದಾಗಿ ನಿಂತಿವೆ. ಗಿರಣಿಯ ಹೊರಗಿನ ಅಂಗಡಿಯಲ್ಲಿ ಕುಳಿತು, ಮಿಸೊ ಎಂಬ ಸೋಯಾ ಕಾಳಿನ ಗೊಜ್ಜು ಹಚ್ಚಿದ ಕೊನ್ಯಾಕು ತಿನ್ನುತ್ತಾ ನಾನು ಅದನ್ನೇ ಯೋಚಿಸುತ್ತಿದ್ದೆ. ಕೊನ್ಯಾಕು ನಮ್ಮ ಸುವರ್ಣಗೆಡ್ಡೆಯ ಜಾತಿಯದೇ ಗೆಡ್ಡೆಯ ಹಿಟ್ಟಿಗೆ ಸುಣ್ಣದ ನೀರು ಸೇರಿಸಿ ಗಟ್ಟಿಮಾಡಿದ ತಿನಿಸು; ಜಪಾನಿನ ಕೊನ್ಯಾಕಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಗುನ್ಮಾದಲ್ಲೇ ಬೆಳೆಯುತ್ತದೆ. ಮುದ್ದೆಯನ್ನು ಅಗಿಯದೆ ನುಂಗಿ ಅಭ್ಯಾಸವಾದ ನನಗೆ ಅದನ್ನು ಅಗಿಯಬೇಕಾಯಿತು.

ಆ ಅಂಗಡಿಯಲ್ಲಿಯೇ ಕೈರಾಟೆಯಲ್ಲಿ ತೆಗೆದ ನೂಲಿನ ಒಂದು ಚಿಕ್ಕ ಲಡಿಯನ್ನು ಕೊಂಡು ತಂದೆ. ಊರಿಗೆ ಬಂದ ಮರುದಿನ ಬೆಳಗ್ಗೆ ಅದನ್ನು ಅಮ್ಮನ ಕೈಯಲ್ಲಿಟ್ಟೆ, ಎಲ್ಲಿಯದೆಂದು ಹೇಳಲಿಲ್ಲ. ಅವಳಿಗೆ ಈಗ ಕಣ್ಣು ಮಂಜು. ಜಗುಲಿಯ ಬಿಸಿಲಿಗೆ ಕುಳಿತು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಎಳೆಯನ್ನು ಮೆಲ್ಲಗೆ ಎಳೆಯುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ಕೈಯಲ್ಲಿ ತೆಗೆದಿರೋದು ಕಣಮ್ಮ ಇದು. ಇಲ್ಲಿ ಒಂದು ಗೂಡು ಮುಗಿದು ಇನ್ನೊಂದು ಸೇರಿಸವ್ರೆ" ಎಂದಳು. ಮತ್ತೆ ಸ್ವಲ್ಪ ದೂರ ಎಳೆದು, "ಚೆನ್ನಾಗಿರೋ ಕೈ" ಎಂದಳು. ಆಗ ನಾನು ಆ ಹೆಂಗಸಿನ ವಿಷಯ ಹೇಳಿದೆ. ಮಹಡಿಯ ಹುಳುಗಳ ವಿಷಯ, ನಾಲ್ಕು ನಿದ್ದೆಗಳ ವಿಷಯ, ಎದ್ದು ನಿಂತು ತಲೆಬಾಗಿದ ವಿಷಯ. ಅಮ್ಮ ಎಲ್ಲವನ್ನೂ ಕೇಳಿ, ನೂಲನ್ನು ಬಿಡದೆ, ತನ್ನ ಇನ್ನೊಂದು ಕೈಯ ಬೆರಳುಗಳನ್ನು ನನ್ನ ಮುಂದೆ ಹಿಡಿದು ಕೇಳಿದಳು: "ಆಯಮ್ಮನ ಬೆರಳೂ ಹಿಂಗೇ ಐತಾ?"

ಹೌದು ಎಂದೆ.